ಶೀತರಕ್ತದ ಪ್ರಾಣಿಗೆ ಹೀಟರ್ ಯಾಕೆ?

ಎಂಟನೇ ತರಗತಿಯಲ್ಲಿ ಶೀತರಕ್ತ ಪ್ರಾಣಿಗಳ ಪಾಠ ಮಾಡುತ್ತಿದ್ದೆ. ವಿದ್ಯಾರ್ಥಿನಿಯೊಬ್ಬಳು ಎದ್ದು, “ಮಿಸ್, ಅಮೆರಿಕದಲ್ಲಿ ನಮ್ಮ ಚಿಕ್ಕಪ್ಪ ಲೆಪರ್ಡ್ ಗೆಕ್ಕೊ ಅಂತ ಹಲ್ಲಿ ಸಾಕಿದ್ದಾರೆ. ಅದರ ರಕ್ತ ತಣ್ಣಗಿದ್ದರೆ ಹೀಟರ್ ಯಾಕಿಟ್ಟಿದ್ದಾರೆ?” ಎಂದಳು. ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ವ್ಯಾಖ್ಯೆ ನೆರವಿಗೆ ಬರಲಿಲ್ಲ. ನಾಳೆ ಹೇಳುತ್ತೇನೆಂದು ಕೂರಿಸಿದೆ.

ಮರುದಿನ ಕಪ್ಪುಹಲಗೆಯ ಮೇಲೆ ಉದ್ದನೆಯ ಗಾಜಿನ ಪೆಟ್ಟಿಗೆಯ ಚಿತ್ರ ಬರೆದೆ. ಒಂದು ತುದಿಯ ನೆಲ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25. ಎರಡೂ ಕಡೆ ಅಡಗಲು ಗೂಡು. ಗೆಕ್ಕೊ ಮೈಯೊಳಗೆ ಸಾಕಷ್ಟು ಶಾಖ ಹುಟ್ಟಿಸಿಕೊಳ್ಳಲಾರದು. ಜಾಗ ಬದಲಿಸಿಯೇ ಮೈಬಿಸಿ ಹೊಂದಿಸಿಕೊಳ್ಳುತ್ತದೆ. ಬಿಸಿ ಸಾಲದಿದ್ದರೆ ತಿಂದ ಹುಳು ಸರಿಯಾಗಿ ಜೀರ್ಣವಾಗದು. ಹಾಗೆಂದು ಪೆಟ್ಟಿಗೆಯನ್ನೆಲ್ಲ ಒಂದೇ ಸಮ ಕಾಯಿಸಿದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಸತ್ತೇ ಹೋಗಬಹುದು. ಹೀಟರಿಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹೊಟ್ಟೆ ಸುಟ್ಟೀತು. ತಾಪ ಅಳೆಯಬೇಕಾದದ್ದೂ ಅದು ಮಲಗುವ ನೆಲದಲ್ಲಿ, ಗಾಜಿನ ಮೇಲ್ಭಾಗದಲ್ಲಲ್ಲ.

“ಹಾಗಾದರೆ ನಮ್ಮ ಕಾಂಪೌಂಡಿನ ಓತಿಕ್ಯಾತ?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಬೆಳಿಗ್ಗೆ ಕಲ್ಲಿನ ಮೇಲೆ ಬಿಸಿಲು ಕಾಯುತ್ತದೆ, ಮಧ್ಯಾಹ್ನ ನೆರಳಿಗೆ ಸರಿಯುತ್ತದೆ ಎಂದು ಉತ್ತರವನ್ನೂ ಅವನೇ ಹೇಳಿದ. ನಾನು ಪಾಠ ಶುರು ಮಾಡಬೇಕಿದ್ದದ್ದು ಅಲ್ಲಿಂದ. ಪಾಠಯೋಜನೆಯ ಪೀಠಿಕೆಯಲ್ಲಿ ಈಗ ವ್ಯಾಖ್ಯೆ ತೆಗೆದು ಓತಿಕ್ಯಾತ ಎಂದು ಬರೆದಿದ್ದೇನೆ.