ಪರದೆಯ ಮೇಲೆ ‘ಸ್ಪೈವೇರ್’ ಎಚ್ಚರಿಕೆ: ಅಸಲಿಯೋ ನಕಲಿಯೋ ಅರಿಯುವುದು ಹೇಗೆ?

ಜಹೀರಾಬಾದ್, ನಾರಾಯಣಖೇಡ್ ಹಾಗೂ ತಾಂಡೂರು ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೂ ಇಂದು ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಫಲಿತಾಂಶಗಳಿಗಾಗಿ ಕಂಪ್ಯೂಟರ್ ಅನಿವಾರ್ಯವಾಗಿದೆ. ಹೀಗೆ ಜಾಲತಾಣಗಳನ್ನು ನೋಡುತ್ತಿರುವಾಗ ಒಮ್ಮೆಲೇ ಪರದೆ ಕೆಂಪಾಗಿ, ಸೈರನ್ ಮೊಳಗಿ, ನಿಮ್ಮ ಕಂಪ್ಯೂಟರಿಗೆ ಸ್ಪೈವೇರ್ ಹೊಕ್ಕಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂಬ ಸಂದೇಶ ಇಂಗ್ಲಿಷಿನಲ್ಲಿ ಮೂಡಬಹುದು. ಆ ಭಾಷೆಯನ್ನು ಸರಾಗವಾಗಿ ಓದಲಾರದ ಮನೆಗಳಲ್ಲಿ ಗಾಬರಿ ಇಮ್ಮಡಿಸುತ್ತದೆ. ಆ ಗಾಬರಿಯೇ ವಂಚಕರ ಬಂಡವಾಳ.

ಸ್ಪೈವೇರ್ ಎಂದರೆ ನಮಗೆ ತಿಳಿಯದಂತೆ ಪಾಸ್‌ವರ್ಡ್, ಬ್ಯಾಂಕ್ ವಿವರ ಮೊದಲಾದವನ್ನು ಕದ್ದು ರವಾನಿಸುವ ತಂತ್ರಾಂಶ. ಅದರ ಅಪಾಯ ನಿಜವಾದುದೇ. ಆದರೆ ಎಚ್ಚರಿಕೆಯ ಸತ್ಯಾಸತ್ಯತೆಯನ್ನು ಅದರ ಮಾತಿನಿಂದಲ್ಲ, ಅದು ಬಂದ ಸ್ಥಳದಿಂದ ಅಳೆಯಬೇಕು. ಬ್ರೌಸರಿನಲ್ಲಿ ತೆರೆದ ಒಂದು ಜಾಲಪುಟವು ನಮ್ಮ ಕಂಪ್ಯೂಟರಿನ ಕಡತಗಳನ್ನು ತಪಾಸಣೆ ಮಾಡಲಾರದು. ಆ ಕೆಲಸ ಕಂಪ್ಯೂಟರಿನಲ್ಲಿ ಮೊದಲೇ ಇರುವ ಭದ್ರತಾ ತಂತ್ರಾಂಶದ್ದು. ಇನ್ನೊಂದು ಗುರುತೆಂದರೆ, ತನ್ನ ಅಸಲಿ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟಪಡಿಸಿದೆ.

ಪರೀಕ್ಷಿಸುವ ಕ್ರಮ ಹೀಗಿದೆ:

1. ಸಂದೇಶದೊಳಗಿನ ಯಾವ ಗುಂಡಿಯನ್ನೂ ಒತ್ತಬೇಡಿ, ಕರೆ ಮಾಡಬೇಡಿ.

2. ಎಸ್ಕೇಪ್ ಕೀಲಿಯನ್ನು ಕೆಲಕಾಲ ಒತ್ತಿ ಹಿಡಿದು ಬ್ರೌಸರನ್ನು ಮುಚ್ಚಿರಿ. ಮುಚ್ಚದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರಿನ ಹೆಸರನ್ನು ಆರಿಸಿ ‘ಎಂಡ್ ಟಾಸ್ಕ್’ ಒತ್ತಿರಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಬೇಡಿ.

3. ಸ್ಟಾರ್ಟ್ ಮೆನುವಿನಿಂದ ನೀವೇ ‘ವಿಂಡೋಸ್ ಸೆಕ್ಯುರಿಟಿ’ ತೆರೆದು, ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ವಿಭಾಗದಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ನೋಡಿರಿ. ಬೇರೆ ಆಂಟಿವೈರಸ್ ಇದ್ದಲ್ಲಿ ಅದನ್ನು ತೆರೆಯಿರಿ. ಅಸಲಿ ಎಚ್ಚರಿಕೆಯಾಗಿದ್ದರೆ ಅದರ ದಾಖಲೆ ಅಲ್ಲಿರುತ್ತದೆ. ಏನೂ ಕಾಣದಿದ್ದರೂ ಒಮ್ಮೆ ಸ್ಕ್ಯಾನ್ ನಡೆಸುವುದು ಒಳಿತು.

4. ಪರದೆಯ ಮೂಲೆಯಲ್ಲಿ ಪದೇ ಪದೇ ಬರುವ ಚಿಕ್ಕ ಸೂಚನೆಯಲ್ಲಿ ಜಾಲತಾಣದ ವಿಳಾಸವಿದ್ದರೆ, ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಆ ತಾಣದ ನೋಟಿಫಿಕೇಶನ್ ಅನುಮತಿಯನ್ನು ತೆಗೆದುಹಾಕಿರಿ.

ಈ ವಂಚನೆ ಸಣ್ಣದಲ್ಲ. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ರ ಅಡಿ ದೇಶದ 76 ಕಡೆ ಶೋಧ ನಡೆಸಿತು. ಹೆಸರಾಂತ ಕಂಪನಿಗಳ ತಾಂತ್ರಿಕ ಸಹಾಯಕರೆಂದು ನಟಿಸುತ್ತಿದ್ದ ಕಾಲ್ ಸೆಂಟರ್‌ಗಳ ಮೇಲಿನ ಪ್ರಕರಣಗಳೂ ಅದರಲ್ಲಿ ಸೇರಿದ್ದವು.

ಈಗಾಗಲೇ ಕರೆ ಮಾಡಿ, ಅವರು ಹೇಳಿದ ತಂತ್ರಾಂಶವನ್ನು ಹಾಕಿಕೊಂಡಿದ್ದರೆ ಮೊದಲು ಇಂಟರ್ನೆಟ್ ಸಂಪರ್ಕ ಕಡಿದುಹಾಕಿರಿ. ಬೇರೊಂದು ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿರಿ. ದೂರು ಬೇಗ ತಲುಪಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಇಂಥ ಸಂದೇಶ ಕಂಡ ಮಗು ಬೈಗುಳಕ್ಕೆ ಹೆದರಿ ಅದನ್ನು ಮುಚ್ಚಿಡದಂತೆ ಪೋಷಕರು ಮೊದಲೇ ಧೈರ್ಯ ಹೇಳಿರಬೇಕು.