ಓರೆಗೆಳೆಯುವ ಟ್ರಕ್ಕು

ಜರ್ಮನಿಯ ಬ್ರೆಮೆನ್ ನಗರದಲ್ಲಿ ರೂಪುಗೊಂಡು 2013ರಲ್ಲಿ ಹೊರಬಂದ 'ಬೀಮ್‌ಎನ್‌ಜಿ ಡ್ರೈವ್' ಎಂಬ ಕಂಪ್ಯೂಟರ್ ಆಟದಲ್ಲಿ ವಾಹನವು ಬರಿಯ ಚಿತ್ರವಲ್ಲ. ಬಿಂದುಗಳನ್ನೂ ತೊಲೆಗಳನ್ನೂ ಹೆಣೆದ ಪಂಜರ. ಅದರ ಚಲನೆಯ ಲೆಕ್ಕ ಸೆಕೆಂಡಿಗೆ 2000 ಸಲ ನಡೆಯುತ್ತದೆ. ಆದುದರಿಂದ ನಿಜವಾದ ಟ್ರಕ್ಕಿನ ರೋಗಗಳು ಅದನ್ನೂ ಬಿಟ್ಟಿಲ್ಲ.

ಸಮರಸ್ತೆಯಲ್ಲಿಯೂ ಗಾಡಿ ಒಂದೇ ಕಡೆಗೆ ಎಳೆದರೆ ಮೊದಲು ಟೈರುಗಳ ಗಾಳಿಯನ್ನೂ ಚಕ್ರಗಳ ಕೋನವನ್ನೂ ನೋಡಬೇಕು. ಬ್ರೇಕು ಒತ್ತಿದಾಗ ಮಾತ್ರ ಎಳೆದರೆ ದೋಷ ಬೇರೆಡೆ ಇರಬಹುದು. ಗಟ್ಟಿ ಆ್ಯಕ್ಸಲನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುವುದು ಒಂದು ಸಲಾಕೆ. ಸ್ಟಿಯರಿಂಗಿನ ಆಜ್ಞೆಯನ್ನು ಒಯ್ಯುವುದು ಇನ್ನೊಂದು. ಇವೆರಡೂ ಸಮಾಂತರವಾಗಿ, ಸರಿಸುಮಾರು ಸಮನಾದ ಉದ್ದದಲ್ಲಿ ಇರದಿದ್ದರೆ, ಮುಂಭಾಗ ತಗ್ಗಿದೊಡನೆ ಚಾಲಕನ ಕೈ ಅಲುಗದೆಯೇ ಚಕ್ರ ಹೊರಳುತ್ತದೆ. ಸಲಾಕೆಗಳ ತುದಿಗಳನ್ನು ಹೊಂದಿಸುವುದೇ ಮದ್ದು. ನಿಜವಾದ ರಸ್ತೆಯಲ್ಲಿ ಪ್ರಾಣವನ್ನೇ ಕೇಳಬಲ್ಲ ಈ ಪಾಠವನ್ನು ತೆರೆಯ ಮೇಲೆ ಬೆಲೆಯಿಲ್ಲದೆ ಕಲಿಯಬಹುದು.