ಎಡವಿದ್ದೊಂದು ಕಡೆ, ಬಿದ್ದದ್ದೊಂದು ಕಡೆ

ರಾತ್ರಿಯಿಡೀ ಡೌನ್‌ಲೋಡ್ ಆದ ಗೇಮ್. ಐಕಾನ್ ಒತ್ತಿದರೆ ಪರದೆ ಕಪ್ಪಾಗುತ್ತದೆ, ತಯಾರಕರ ಲಾಂಛನ ಮಿಂಚುತ್ತದೆ, ಮರುಕ್ಷಣವೇ ಮತ್ತೆ ಡೆಸ್ಕ್‌ಟಾಪ್. ಕೆಲವೊಮ್ಮೆ ಅರ್ಥವಾಗದ ಒಂದು ಸಾಲಿನ ಸಂದೇಶ ಬರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಆಗ ನಮ್ಮಲ್ಲಿ ಹೆಚ್ಚಿನವರು ಗೇಮನ್ನು ಅಳಿಸಿ ಮತ್ತೆ ಹಾಕುತ್ತೇವೆ. ಡ್ರೈವರ್, ಸೆಟ್ಟಿಂಗ್, ಆಂಟಿವೈರಸ್ ಎಲ್ಲವನ್ನೂ ಒಟ್ಟಿಗೇ ಬದಲಿಸಿ ನೋಡುತ್ತೇವೆ. ಹೇಗೋ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ಗೊತ್ತಾಗುವುದಿಲ್ಲ. ಗೇಮ್ ತೆರೆಯುವಾಗಲೇ ಕುಸಿಯುವುದಕ್ಕೆ ಪ್ರತಿಸಲವೂ ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಲು ಬೇಕಾದದ್ದು ಪ್ರಯೋಗಶಾಲೆಯಲ್ಲಿ ಬೇಕಾಗುವಂಥ ತಾಳ್ಮೆ.

ಮೊದಲ ಕೆಲವು ಕ್ಷಣಗಳು

ಐಕಾನ್ ಒತ್ತಿದ ಕೂಡಲೇ ವಿಂಡೋಸ್ ಗೇಮಿನ ಮುಖ್ಯ ಫೈಲನ್ನು ಮೆಮೊರಿಗೆ ತರುತ್ತದೆ. ಆ ಫೈಲು ಒಂಟಿಯಾಗಿ ಕೆಲಸ ಮಾಡಲಾರದು. ಧ್ವನಿ, ಚಿತ್ರ, ಲೆಕ್ಕಾಚಾರಗಳಿಗೆ ಡಿಎಲ್‌ಎಲ್ ಎಂಬ ಹತ್ತಾರು ಸಹಾಯಕ ಫೈಲುಗಳು ಅದಕ್ಕೆ ಬೇಕು. ಅವುಗಳಲ್ಲಿ ಒಂದು ಸಿಗದಿದ್ದರೂ ಕೆಲಸ ಅಲ್ಲೇ ನಿಲ್ಲುತ್ತದೆ. 64 ಬಿಟ್ ಗೇಮಿಗೆ 32 ಬಿಟ್ ಡಿಎಲ್‌ಎಲ್ ಸಿಕ್ಕರೂ ಅದೇ ಗತಿ. ‘0ಎಕ್ಸ್‌ಸಿ000007ಬಿ’ ಎಂಬ ಸಂಕೇತ ಸಾಮಾನ್ಯವಾಗಿ ಹೇಳುವುದು ಇದನ್ನೇ. ಆಮೇಲೆ ಗೇಮ್ ತನ್ನ ಸೆಟ್ಟಿಂಗ್ ಫೈಲನ್ನು ಓದುತ್ತದೆ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಜೊತೆ ಮಾತಿಗಿಳಿಯುತ್ತದೆ, ಬೆಳಕು-ನೆರಳು ಮೂಡಿಸುವ ‘ಶೇಡರ್’ ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಸಾವಿರಗಟ್ಟಲೆ ಬಿಚ್ಚಿ ಸಿದ್ಧಮಾಡುತ್ತದೆ. ಹೀಗೆ ಕಂಪ್ಯೂಟರಿನ ಎಲ್ಲ ಅಂಗಗಳೂ ಒಮ್ಮೆಲೇ ಪರೀಕ್ಷೆಗೆ ಒಳಗಾಗುವುದು ಆರಂಭದಲ್ಲೇ. ಎಲ್ಲೋ ಅಡಗಿದ್ದ ದೋಷ ಆಗಲೇ ಹೊರಬೀಳುವುದು ಅದಕ್ಕೇ.

ಕ್ರ್ಯಾಶ್ ಆಗುವುದೆಂದರೆ ಏನು? ಪ್ರತಿ ಪ್ರೋಗ್ರಾಮಿಗೂ ವಿಂಡೋಸ್ ಮೆಮೊರಿಯಲ್ಲಿ ಇಂತಿಷ್ಟು ಜಾಗ ಎಂದು ಹಂಚಿಕೊಟ್ಟಿರುತ್ತದೆ. ತನಗೆ ಕೊಡದ ಜಾಗಕ್ಕೆ ಪ್ರೋಗ್ರಾಮು ಕೈಹಾಕಿದರೆ ಪ್ರೊಸೆಸರ್ ಅದನ್ನು ತಡೆದು ವಿಂಡೋಸ್‌ಗೆ ತಿಳಿಸುತ್ತದೆ, ವಿಂಡೋಸ್ ಪ್ರೋಗ್ರಾಮನ್ನು ಮುಚ್ಚುತ್ತದೆ. ಈ ಅತಿಕ್ರಮಣದ ಸಂಕೇತ ‘0ಎಕ್ಸ್‌ಸಿ0000005’. ಪ್ರೊಸೆಸರಿಗೆ ಗೊತ್ತೇ ಇಲ್ಲದ ಆಜ್ಞೆ ಎದುರಾದರೆ ಬರುವುದು ‘0ಎಕ್ಸ್‌ಸಿ000001ಡಿ’. ಹೊಸ ಗೇಮು ಹಳೆಯ ಪ್ರೊಸೆಸರಿನಲ್ಲಿ ಹೀಗೆ ನಿಲ್ಲುವುದುಂಟು. ಗೇಮ್ ಏನೂ ಹೇಳದೆ ಮಾಯವಾದರೂ ಈ ಸಂಕೇತ ಹೆಚ್ಚಾಗಿ ದಾಖಲಾಗಿರುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ‘ವಿಂಡೋಸ್ ಲಾಗ್ಸ್’ ಕೆಳಗಿನ ‘ಅಪ್ಲಿಕೇಶನ್’ ವಿಭಾಗದಲ್ಲಿ ಆ ಹೊತ್ತಿನ ಕೆಂಪು ಗುರುತನ್ನು ಒತ್ತಿ. ಅಲ್ಲಿ ಓದಬೇಕಾದ ಸಾಲುಗಳು ಎರಡು: ‘ಎಕ್ಸೆಪ್ಶನ್ ಕೋಡ್’ ಮತ್ತು ‘ಫಾಲ್ಟಿಂಗ್ ಮಾಡ್ಯೂಲ್ ನೇಮ್’. ಮೊದಲನೆಯದು ಏನಾಯಿತು ಎಂದರೆ, ಎರಡನೆಯದು ಯಾವ ಫೈಲಿನೊಳಗೆ ಆಯಿತು ಎನ್ನುತ್ತದೆ.

ಇಲ್ಲೊಂದು ಎಚ್ಚರ ಬೇಕು. ದಾರಿಯಲ್ಲಿ ಕಲ್ಲಿಗೆ ಎಡವಿದವರು ನಾಲ್ಕು ಹೆಜ್ಜೆ ತತ್ತರಿಸಿ ಮುಂದೆಲ್ಲೋ ಬೀಳುತ್ತಾರೆ. ಸಂದೇಶ ತೋರಿಸುವುದು ಬಿದ್ದ ಜಾಗವನ್ನು. ನಾವು ಹುಡುಕಬೇಕಾದದ್ದು ಕಲ್ಲನ್ನು.

ತಪ್ಪು ದಾರಿ ತೋರಿದ ಎರಡು ಸಂದೇಶಗಳು

2024ರಲ್ಲಿ ಜಗತ್ತಿನಾದ್ಯಂತ ಗೇಮ್ ಆಡುವವರನ್ನು ಕಾಡಿದ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶ ಬಳಸಿ ಕಟ್ಟಿದ ಹಲವು ಗೇಮುಗಳು ಆರಂಭದಲ್ಲೇ ಕುಸಿಯುತ್ತಿದ್ದವು. ‘ವಿಡಿಯೊ ಮೆಮೊರಿ ಸಾಲದು’ ಎಂಬರ್ಥದ ಸಂದೇಶ ಬರುತ್ತಿತ್ತು. ಜನ ಸಹಜವಾಗಿಯೇ ಗ್ರಾಫಿಕ್ಸ್ ಕಾರ್ಡನ್ನು ದೂರಿದರು. ಆದರೆ ಬೇಕಾದಷ್ಟು ಮೆಮೊರಿ ಇದ್ದ ದುಬಾರಿ ಕಾರ್ಡುಗಳಲ್ಲೂ ಇದೇ ಕಥೆ. ತೊಂದರೆಗೆ ಸಿಕ್ಕ ಬಹುತೇಕರ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿದ್ದದ್ದು ಬೇರೊಂದು ಅಂಗ: ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಬಲಿಷ್ಠ ಡೆಸ್ಕ್‌ಟಾಪ್ ಪ್ರೊಸೆಸರ್.

ಗೇಮಿನ ಶೇಡರುಗಳನ್ನು ಗಾತ್ರ ಕುಗ್ಗಿಸಿ ಇಟ್ಟಿರುತ್ತಾರೆ. ಆರಂಭದಲ್ಲಿ ಅವನ್ನು ಬಿಚ್ಚುವ ಕೆಲಸ ಪ್ರೊಸೆಸರಿನದು. ಕುಗ್ಗಿಸಿದ ದತ್ತಾಂಶದಲ್ಲಿ ಪ್ರತಿ ಭಾಗವೂ ಹಿಂದಿನ ಭಾಗವನ್ನು ನೆಚ್ಚಿಕೊಂಡಿರುವುದರಿಂದ ಒಂದು ಬಿಟ್ ತಪ್ಪಾದರೂ ಮುಂದಿನದೆಲ್ಲ ಹಾಳಾಗುತ್ತದೆ. ದಿನನಿತ್ಯದ ಕೆಲಸಗಳಲ್ಲಿ ಗಮನಕ್ಕೇ ಬಾರದೆ ಹೋಗಬಹುದಾದ ಲೆಕ್ಕದ ತಪ್ಪು ಇಲ್ಲಿ ಸಿಕ್ಕಿಬೀಳುತ್ತಿತ್ತು. ಹಾಳಾದ ಶೇಡರ್ ಸಿದ್ಧವಾಗದಿದ್ದಾಗ ಗೇಮ್ ಅದನ್ನು ಮೆಮೊರಿಯ ಕೊರತೆ ಎಂದು ಬಗೆದು ಹಾಗೆಯೇ ವರದಿ ಮಾಡುತ್ತಿತ್ತು. ಪ್ರೊಸೆಸರಿನ ವೇಗವನ್ನು ಒಂದಿಷ್ಟು ತಗ್ಗಿಸಿದರೆ ಎಷ್ಟೋ ಮಂದಿಯ ಗೇಮ್ ತೆರೆದುಕೊಳ್ಳುತ್ತಿತ್ತು. ಶಂಕೆಯನ್ನು ಗ್ರಾಫಿಕ್ಸ್ ಕಾರ್ಡಿನಿಂದ ಪ್ರೊಸೆಸರಿನ ಕಡೆ ತಿರುಗಿಸಿದ ಪ್ರಯೋಗ ಇದೇ.

ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ, ಅದರೊಳಗೇ ಇರುವ ಸೂಚನೆಗಳ ಗುಚ್ಛವಾದ ಮೈಕ್ರೋಕೋಡ್‌ನಲ್ಲೇ ದೋಷವಿದೆ ಎಂದು ಇಂಟೆಲ್ ಆ ವರ್ಷದ ಜುಲೈನಲ್ಲಿ ತಿಳಿಸಿತು. ಹೆಚ್ಚಿನ ವೋಲ್ಟೇಜ್ ಮತ್ತು ಶಾಖದಿಂದ ಒಳಗಿನ ಗಡಿಯಾರ ಸಂಕೇತದ ಮಂಡಲ ಅಕಾಲದಲ್ಲಿ ಸವೆಯುತ್ತಿತ್ತು. ಆಗಸ್ಟ್‌ನಿಂದ ತಿದ್ದುಪಡಿಗಳು ಬಂದವು, ವಾರಂಟಿ ಎರಡು ವರ್ಷ ಹೆಚ್ಚಿತು. ತಿದ್ದುಪಡಿ ಮುಂದಿನ ಸವೆತವನ್ನು ತಡೆಯಬಲ್ಲದೇ ಹೊರತು ಆಗಲೇ ಸವೆದದ್ದನ್ನು ಸರಿಮಾಡಲಾರದು; ಅಂಥ ಚಿಪ್ಪನ್ನು ಬದಲಿಸಲೇಬೇಕು.

ಇನ್ನೊಂದು ಪ್ರಕರಣ 1990ರ ದಶಕದ್ದು. ಬೋರ್ಲೆಂಡ್ ಕಂಪನಿಯ ಪಾಸ್ಕಲ್ ಪ್ರೋಗ್ರಾಮಿಂಗ್ ಸಲಕರಣೆ ಬಳಸಿ ಬರೆದ ಹಲವು ಡಾಸ್ ಪ್ರೋಗ್ರಾಮುಗಳು, ‘ಜಾಝ್ ಜ್ಯಾಕ್‌ರ‍್ಯಾಬಿಟ್’ನಂಥ ಗೇಮುಗಳೂ ಸೇರಿ, ಹೊಸ ಕಂಪ್ಯೂಟರುಗಳಲ್ಲಿ ‘ರನ್‌ಟೈಮ್ ಎರರ್ 200’ ಎಂದು ತೆರೆಯುವ ಮೊದಲೇ ನಿಲ್ಲತೊಡಗಿದವು. ಆ ಸಂಖ್ಯೆಯ ಅರ್ಥ ‘ಸೊನ್ನೆಯಿಂದ ಭಾಗಾಕಾರ’. ನಿಜವಾಗಿ ಅಲ್ಲಿ ಸೊನ್ನೆಯೇ ಇರಲಿಲ್ಲ. ಪ್ರೋಗ್ರಾಮು ಆರಂಭದಲ್ಲಿ ಕಂಪ್ಯೂಟರಿನ ವೇಗ ಅಳೆಯಲು 55 ಮಿಲಿಸೆಕೆಂಡುಗಳಲ್ಲಿ ಒಂದು ಸಣ್ಣ ಕೆಲಸವನ್ನು ಎಷ್ಟು ಸಲ ಮಾಡಬಹುದೆಂದು ಎಣಿಸಿ, ಆ ಸಂಖ್ಯೆಯನ್ನು 55ರಿಂದ ಭಾಗಿಸುತ್ತಿತ್ತು. ಉತ್ತರಕ್ಕೆ ಮೀಸಲಿಟ್ಟದ್ದು 16 ಬಿಟ್, ಅಂದರೆ ಹೆಚ್ಚೆಂದರೆ 65,535. ಸುಮಾರು 200 ಮೆಗಾಹರ್ಟ್ಸ್‌ನ ಹೊಸ ಪೆಂಟಿಯಂ ಪ್ರೊಸೆಸರುಗಳು ಬಂದಾಗ ಉತ್ತರ ಆ ಮಿತಿಯನ್ನು ದಾಟಿತು. ಭಾಗಲಬ್ಧ ಹಿಡಿಸದಿದ್ದರೂ ಸೊನ್ನೆಯಿಂದ ಭಾಗಿಸಿದರೂ ಪ್ರೊಸೆಸರ್ ಎಬ್ಬಿಸುವ ಕೂಗು ಒಂದೇ. ಯಂತ್ರದಲ್ಲಿ ಕೊರತೆಯೇನೂ ಇರಲಿಲ್ಲ. ಬರೆದವರು ಊಹಿಸಿದ್ದಕ್ಕಿಂತ ಅದು ವೇಗವಾಗಿತ್ತು, ಅಷ್ಟೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ನಮ್ಮ ಕಂಪ್ಯೂಟರಿನಲ್ಲಿ ಹುಡುಕುವಾಗ ಸುಲಭದ, ಹಿಂದಕ್ಕೆ ಬರಬಹುದಾದ ಪರೀಕ್ಷೆಯಿಂದ ಆರಂಭಿಸಬೇಕು. ಸ್ಟೀಮ್‌ನಂಥ ಮಳಿಗೆಗಳಲ್ಲಿ ಗೇಮಿನ ಫೈಲುಗಳನ್ನು ಮೂಲದೊಂದಿಗೆ ತಾಳೆ ನೋಡುವ ಸೌಲಭ್ಯವಿದೆ. ಕೆಟ್ಟ ಫೈಲನ್ನಷ್ಟೇ ಅದು ಮತ್ತೆ ತರುವುದರಿಂದ ಹತ್ತಾರು ಜಿಬಿ ಡೇಟಾ ಉಳಿಯುತ್ತದೆ. ಗೇಮನ್ನು ಅಳಿಸಿ ಮತ್ತೆ ಹಾಕಿದರೂ ತೊಂದರೆ ಹೋಗಲಿಲ್ಲವೇ? ಸೆಟ್ಟಿಂಗ್ ಫೈಲು ಬಹಳಷ್ಟು ಸಲ ಬೇರೆಡೆ, ಬಳಕೆದಾರರ ಫೋಲ್ಡರಿನಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ಅಳಿಸಬೇಡಿ, ಹೆಸರು ಬದಲಿಸಿ ನೋಡಿ. ಗೇಮ್ ಹೊಸದನ್ನು ಸೃಷ್ಟಿಸಿಕೊಳ್ಳುತ್ತದೆ. ಆಮೇಲೆ ಗ್ರಾಫಿಕ್ಸ್ ಡ್ರೈವರ್ ಬದಲಿಸಿ ನೋಡಿ. ಓವರ್‌ಕ್ಲಾಕ್ ಮಾಡಿ ವೇಗ ಹೆಚ್ಚಿಸಿದ್ದರೆ ಪ್ರೊಸೆಸರನ್ನೂ ರ‍್ಯಾಮನ್ನೂ ಮೂಲ ವೇಗಕ್ಕೆ ಇಳಿಸಿ ನೋಡಿ.

ಹಿನ್ನೆಲೆಯಲ್ಲಿ ಓಡುವ ಯಾವುದೋ ಪ್ರೋಗ್ರಾಮಿನ ಮೇಲೆ ಅನುಮಾನವಿದ್ದರೆ ಒಂದೊಂದಾಗಿ ನಿಲ್ಲಿಸುತ್ತ ಕೂರಬೇಕಿಲ್ಲ. ಅರ್ಧದಷ್ಟನ್ನು ನಿಲ್ಲಿಸಿ ಗೇಮ್ ತೆರೆಯಿರಿ. ತೆರೆದರೆ ತಪ್ಪಿತಸ್ಥ ನಿಲ್ಲಿಸಿದ ಅರ್ಧದಲ್ಲಿದೆ, ಇಲ್ಲದಿದ್ದರೆ ಉಳಿದರ್ಧದಲ್ಲಿ. ಹೀಗೆ ಅರ್ಧಿಸುತ್ತ ಹೋದರೆ 32ರಲ್ಲಿ ಒಂದನ್ನು ಹಿಡಿಯಲು ಐದು ಸುತ್ತು ಸಾಕು. ಪ್ರತಿ ಸುತ್ತಿನಲ್ಲೂ ಏನು ಬದಲಿಸಿದಿರಿ, ಏನಾಯಿತು ಎಂದು ಬರೆದಿಡಿ.

ಮಾಡಲೇಬಾರದ್ದೂ ಇದೆ. ಡಿಎಲ್‌ಎಲ್ ಕಾಣೆ ಎಂಬ ಸಂದೇಶ ಬಂದಾಗ ಆ ಹೆಸರನ್ನು ಹುಡುಕಿ, ಯಾವುದೋ ಜಾಲತಾಣದಿಂದ ಇಳಿಸಿಕೊಳ್ಳಬೇಡಿ. ಆ ಫೈಲಿನಲ್ಲಿ ಏನು ತುಂಬಿದೆಯೋ ತಿಳಿಯದು, ಮತ್ತು ಗೇಮಿನೊಳಗೆ ಅದಕ್ಕೆ ಗೇಮಿಗಿರುವ ಎಲ್ಲ ಅಧಿಕಾರವೂ ಸಿಗುತ್ತದೆ. ‘ವಿಸಿ’ ಎಂದು ಆರಂಭವಾಗುವ ಡಿಎಲ್‌ಎಲ್‌ಗಳು ಸಾಮಾನ್ಯವಾಗಿ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರನ್‌ಟೈಮ್‌ಗೆ ಸೇರಿದವು; ಅದು ಕಂಪನಿಯ ತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಆಂಟಿವೈರಸ್ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಮಕ್ಕಳು ಮೊದಲು ಮನೆಯ ದೊಡ್ಡವರನ್ನು ಕೇಳಲಿ.

ಕನ್ನಡಿಗರಿಗೆ ಎದುರಾಗಬಹುದಾದ ಕಲ್ಲೊಂದಿದೆ. ವಿಂಡೋಸ್ ಖಾತೆಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟರೆ ಬಳಕೆದಾರರ ಫೋಲ್ಡರಿನ ಹೆಸರೂ ಕನ್ನಡದಲ್ಲಿರಬಹುದು. ಯುನಿಕೋಡ್ ಬಳಸದ ಪ್ರೋಗ್ರಾಮುಗಳು ಅಕ್ಷರಗಳನ್ನು ವಿಂಡೋಸ್‌ನ ಹಳೆಯ ಸಂಕೇತಪಟ್ಟಿಗಳಿಗೆ ಪರಿವರ್ತಿಸುತ್ತವೆ. ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಧಿಕೃತ ಬೆಂಬಲ ಬಂದದ್ದೇ ಯುನಿಕೋಡ್ ಮೂಲಕ. ಹಾಗಾಗಿ ಕನ್ನಡದ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಫೋಲ್ಡರ್ ಸಿಗುವುದಿಲ್ಲ. ಸಿಕ್ಕಿತೋ ಇಲ್ಲವೋ ಎಂದು ನೋಡದೆ ಮುನ್ನುಗ್ಗುವ ಗೇಮ್ ಅಲ್ಲೇ ಕುಸಿಯುತ್ತದೆ. ಇಂಗ್ಲಿಷ್ ಅಕ್ಷರಗಳ ಇನ್ನೊಂದು ಖಾತೆ ಮಾಡಿ ಅಲ್ಲಿಂದ ತೆರೆದರೆ ಕಾರಣ ಇದೇ ಹೌದೋ ಅಲ್ಲವೋ ಖಚಿತವಾಗುತ್ತದೆ.

ಅಷ್ಟಕ್ಕೇ ನಿಲ್ಲಿಸಬಾರದು. ತಪ್ಪಿರುವುದು ನಮ್ಮ ಹೆಸರಿನಲ್ಲಲ್ಲ, ಗೇಮಿನಲ್ಲಿ. ಎಕ್ಸೆಪ್ಶನ್ ಕೋಡ್, ಮಾಡ್ಯೂಲಿನ ಹೆಸರು, ವಿಂಡೋಸ್ ಮತ್ತು ಡ್ರೈವರ್ ಆವೃತ್ತಿ, ಬರೆದಿಟ್ಟ ಪ್ರಯೋಗಗಳು ಎಲ್ಲವನ್ನೂ ಸೇರಿಸಿ ತಯಾರಕರಿಗೆ ಕಳಿಸಿ. ‘ಗೇಮ್ ಓಡುತ್ತಿಲ್ಲ’ ಎಂಬ ದೂರಿನಿಂದ ಅವರಿಗೆ ಏನೂ ತಿಳಿಯದು. ‘ಕನ್ನಡ ಹೆಸರಿನ ಖಾತೆಯಲ್ಲಿ ಕುಸಿಯುತ್ತದೆ, ಇಂಗ್ಲಿಷ್ ಹೆಸರಿನಲ್ಲಿ ಇಲ್ಲ’ ಎಂದರೆ ಅರ್ಧ ಕೆಲಸ ಮುಗಿದಂತೆ. ತಿದ್ದುಪಡಿ ಬಂದರೆ ಅದೇ ತೊಂದರೆಯಲ್ಲಿದ್ದ ಕನ್ನಡ, ತಮಿಳು, ತೆಲುಗು ಹೆಸರಿನ ಎಲ್ಲರಿಗೂ ಗೇಮ್ ತೆರೆದುಕೊಳ್ಳುತ್ತದೆ.